ಗಂಟು

ಕೂರು ಪೆಲೂಸಾ, ಕರೆಂಟು ಹೋಗುವ ಮೊದಲು
ಎಡಗಿವಿಯ ಹಿಂದಿನದನ್ನಾದರೂ ಬಿಡಿಸಿಬಿಡೋಣ.
ಬೋಳಿಸಿಬಿಡು ಅನ್ನುತ್ತಾಳೆ ನನ್ನ ತಂಗಿ ಮಿಗ್ದಾಲಿಯಾ,
ಹವಾನಾದ ಈ ಆಗಸ್ಟಿಗೆ ಇದೆಂಥ ಕಂಬಳಿ ಎಂದು.
ಅವಳಿಗೇನು ಗೊತ್ತು,
ಬೆವರಲಾರದ ಜೀವಕ್ಕೆ ಕೂದಲೇ ಚಪ್ಪರ.

ನಲವತ್ತೊಂದು ವರ್ಷ ಕ್ಷೌರ ಮಾಡಿದ ಕೈ ಇದು.
ಬೀದಿಯ ಗಂಡಸರೆಲ್ಲ ಒಬ್ಬೊಬ್ಬರೇ ಬೋಳಾದರು.
ಈಗ ಅಂಗಡಿಗೆ ಗಿರಾಕಿಯೆಂದರೆ ನೀನೊಬ್ಬಳೇ,
ಕಾಸು ಕೊಡದವಳು, ಕಚ್ಚುವವಳು ಬೇರೆ.

ಬುಡ ಹಿಡಿದು ತುದಿಯಿಂದ ಬಾಚಬೇಕು,
ಜಗ್ಗಿದ್ದು ನನ್ನ ಬೆರಳಿಗೆ ಬರಲಿ, ನಿನ್ನ ಚರ್ಮಕ್ಕಲ್ಲ.
ಬಾಚಣಿಗೆಗೆ ಮೂರು ಹಲ್ಲಿಲ್ಲ, ನಿನಗೆ ಐದು,
ನನ್ನದು ಕೇಳಬೇಡ.
ಗಂಟಿನೊಳಗೆ ಏನೇನಿದೆ ನೋಡು:
ಮಾವಿನ ನಾರು, ಕಡಲದಂಡೆಯ ಉಪ್ಪು,
ಡಾಮಿನೋ ಆಡುವವರ ಸಿಗಾರಿನ ಬೂದಿ,
ಒಂದೆಳೆ ಕೆಂಪು ದಾರ.
ಇದು ಎದೆಲ್ಮಿರಾಳ ಹೊಲಿಗೆ ಡಬ್ಬಿಯದು,
ಅವಳು ಹೋಗಿ ವರ್ಷವಾಯಿತು.
ಎಲ್ಲಿ ಮಲಗುತ್ತೀಯೇ ಕಳ್ಳಿ, ನಾನಿಲ್ಲದಾಗ?

ಹಣೆಯ ಮೇಲಿನದನ್ನು ಎತ್ತಿ
ಔಷಧಿ ಪೊಟ್ಟಣದ ರಬ್ಬರಿನಿಂದ ಜುಟ್ಟು ಕಟ್ಟಹೋದರೆ
ಕಣ್ಣೆರಡೂ ಅಕ್ಕಿ ತೊಳೆದ ನೀರು.
ಯಾವತ್ತಿನಿಂದ?
ಮೆಟ್ಟಿಲಲ್ಲಿ ನಿಂತು ನಿಂತು ಇಳಿಯುತ್ತಿದ್ದುದನ್ನು
ಸೊಕ್ಕು ಅಂದುಕೊಂಡಿದ್ದೆನಲ್ಲ.

ರಬ್ಬರು ಬಿಚ್ಚಿದೆ. ಮುಂಗೂದಲನ್ನು ಇಳಿಬಿಟ್ಟೆ.
ಅಷ್ಟರಲ್ಲಿ ಕರೆಂಟೂ ಹೋಯಿತು,
ಬೀದಿಗೆ ಬೀದಿಯೇ ಒಂದೇ ಉಸಿರಲ್ಲಿ ಬೈಯಿತು.
ಅಲ್ಲಾಡಬೇಡ.
ಗಂಟು ಬಿಡಿಸಲು ಬೆಳಕೇಕೆ,
ಬಲಗಿವಿ ಕೊಡು.