ಎಪ್ಪತ್ತೆರಡು ಕಡ್ಡಿ

ಫೈಲಿನ ಮೇಲೆ ‘ಭೂಚಲನೆ ವಿಭಾಗ, ಹೊಸ ಗ್ಯಾಲರಿ, ಹಂತ ಎರಡು’.
ನಮ್ಮ ಬಾಯಲ್ಲಿ ಬರೇ ಗುಂಡಿನ ಕೋಣೆ.
ಪಾಯ ತೋಡಿದರೆ ಮುರಕಲ್ಲು; ಎಸ್ಟಿಮೇಟಿನಲ್ಲಿ ಮಣ್ಣೆಂದಿತ್ತು.
ಆ ಒಂದು ಪದಕ್ಕೆ ಮೂರು ತಿಂಗಳು ಪತ್ರ ಬರೆದೆ.
ಕಂಬಿ ಬಂದಾಗ ಸಿಮೆಂಟಿಲ್ಲ, ಸಿಮೆಂಟು ಬಂದಾಗ ಬಿಲ್ಲು ಪಾಸಿಲ್ಲ,
ಎರಡೂ ಆದಾಗ ಜಾರ್ಖಂಡಿನ ಹುಡುಗರು
ಛಟ್ ಹಬ್ಬಕ್ಕೆ ರೈಲು ಹತ್ತಿದ್ದರು.
ಮಂಗಳೂರಿನ ಉಪ್ಪುಗಾಳಿ ಮಾತ್ರ ಒಂದು ದಿನ ರಜೆ ಹಾಕಲಿಲ್ಲ.
ನಿನ್ನೆ ಬಿಗಿದ ಬೋಲ್ಟಿಗೆ
ಬೆಳಗಾಗುವುದರೊಳಗೆ ಅರಿಸಿನ ಹಚ್ಚಿ ಹೋಗಿರುತ್ತಿತ್ತು.

ಗುಮ್ಮಟದ ನೆತ್ತಿಗೆ ಕೊಕ್ಕೆ ಬೆಸೆದವನು ಹಿಲರಿ ಕ್ರಾಸ್ತಾ,
ಬೆಂಗ್ರೆಯಲ್ಲಿ ಇಪ್ಪತ್ತು ವರ್ಷ ಬೋಟುಗಳ ಬೆನ್ನು ಹೊಲಿದ ಕೈ.
“ಎಷ್ಟು ಭಾರ ತೂಗುವುದು ಇದಕ್ಕೆ?”
ಇಪ್ಪತ್ತೆಂಟು ಕಿಲೋ.
“ಅಷ್ಟೆಯಾ! ನಾನು ಲಂಗರು ಹೊರುವ ಹಾಗೆ ಮಾಡಿಬಿಟ್ಟೆ.”

ಕೊಕ್ಕೆಯ ಕೆಳಗೆ ನೆಲದ ನಡು ಹುಡುಕಬೇಕು.
ದೂಮಪ್ಪ ಮೇಸ್ತ್ರಿ ತನ್ನ ತೂಗುಗುಂಡು ಇಳಿಬಿಟ್ಟ,
ಹದಿನಾಲ್ಕು ಮೀಟರು ದಾರ.
ಓಲಾಡಿತು, ಓಲಾಡಿತು.
ಕಿಟಕಿಗೆ ಗಾಜು ಬಂದಿರಲಿಲ್ಲ.
ಗೋಣಿ ಕಟ್ಟಿಸಿದೆ, ಫ್ಯಾನು ಆರಿಸಿದೆ, ಮಾತನ್ನೂ.
ಅರ್ಧ ಗಂಟೆ ಕುಕ್ಕರಗಾಲಲ್ಲಿ ಕಾದು
“ನಿಂತಿತು” ಎಂದ; ಪೆನ್ಸಿಲಿನಲ್ಲಿ ಒಂದು ಚುಕ್ಕೆ.
ನಲವತ್ತು ವರ್ಷ ಅವನ ಕಸುಬು ಗುಂಡನ್ನು ನಿಲ್ಲಿಸುವುದು,
ಅದೇ ಚುಕ್ಕೆಯ ಮೇಲೆ ಇನ್ನು ನಮ್ಮ ಕಸುಬು
ನಿಲ್ಲದ ಹಾಗೆ ನೋಡಿಕೊಳ್ಳುವುದು.
ಇದನ್ನು ಅವನಿಗೆ ಹೇಳಿದೆ.
“ಎರಡೂ ನಿಲ್ಲದಿದ್ದರೆ ನಿಮ್ಮ ಗೋಡೆ ಕಟ್ಟುವುದು ಯಾರು?” ಎಂದ.

ನಿರ್ದೇಶಕರು ಬಂದರು. ಸುತ್ತ ನೆಟ್ಟ ಕಡ್ಡಿ ಎಣಿಸಿದರು, ಎಪ್ಪತ್ತೆರಡು.
“ಒಂದು ಬೀಳಲು ಎಷ್ಟು ಹೊತ್ತು?”
ಒಂದೂವರೆ ಗಂಟೆ ಸರ್.
“ಪ್ಯಾರಿಸಿನಲ್ಲಿ ಬೇಗ ಬೀಳುತ್ತದೆ, ನಾನೇ ನೋಡಿದ್ದೇನೆ.”
ಅದು ಉತ್ತರಕ್ಕಾಯಿತು ಸರ್, ನಾವು ಭೂಮಿಯ ಹೊಟ್ಟೆಯ ಹತ್ತಿರ.
ಅಲ್ಲಿ ಒಂದು ಸುತ್ತಿಗೆ ಮೂವತ್ತೆರಡು ಗಂಟೆ, ಇಲ್ಲಿ ನೂರ ಏಳು.
ಭೂಮಿ ಒಂದೇ, ನಿಂತ ಜಾಗ ಬೇರೆ.
“ಶಾಲೆ ಮಕ್ಕಳಿಗೆ ಗ್ಯಾಲರಿಗೆ ನಲವತ್ತು ನಿಮಿಷ.
ಏನೂ ಬೀಳದಿದ್ದರೆ ಏನು ನೋಡಬೇಕು?
ವೇದಿಕೆಗೊಂದು ಮೋಟಾರು ಇಡಿ, ತುಸು ಬೇಗ ತಿರುಗಲಿ.”
ಒಂದು ರಾತ್ರಿ ಯೋಚಿಸಿ ಷರಾ ಬರೆದೆ: ಅನುದಾನ ಲಭ್ಯವಿಲ್ಲ.
ಅನುದಾನವಿತ್ತು.
ಹನ್ನೊಂದು ವರ್ಷದ ನೌಕರಿಯಲ್ಲಿ
ಭೂಮಿಯ ಪರವಾಗಿ ಬರೆದ ಸುಳ್ಳು ಅದೊಂದೇ.

ಪರೀಕ್ಷೆಯ ಸಂಜೆ.
ಗುಂಡನ್ನು ಕೈಯಿಂದ ದೂಡಬಾರದು, ಕೈಗೆ ತನ್ನದೇ ವಾಲಿಕೆ ಉಂಟು.
ಬದಿಗೆಳೆದು ನೂಲಿನಿಂದ ಕಟ್ಟಿ, ನೂಲನ್ನು ಸುಡಬೇಕು.
ಲೇಸರು, ಮಟ್ಟಗೋಲು, ಜರ್ಮನಿಯ ತಂತಿ, ಎಲ್ಲ ತರಿಸಿದ್ದೆ;
ನೂಲು ಮರೆತಿದ್ದೆ.
ನೆಲ ಒರೆಸುತ್ತಿದ್ದ ಲೋಲಾಕ್ಷಿ ಚೀಲದಿಂದ ಉಂಡೆ ತೆಗೆದಳು:
ಬೀಡಿ ಕಟ್ಟುವ ನೂಲು.
ಎಂಟೆಳೆ ಸೇರಿಸಿ ಹೊಸೆದು ಕೊಟ್ಟಳು.
ಹಿಲರಿ ಗೀರಿದ. ನೂಲು ಕಪ್ಪಾಗಿ, ಕೆಂಪಾಗಿ, ಬಿಟ್ಟುಕೊಟ್ಟಿತು.
ಹಿತ್ತಾಳೆ ಗುಂಡು
ಯಾರ ಅಪ್ಪಣೆಯೂ ಇಲ್ಲದೆ
ಹೋಯಿತು, ಬಂತು.

ಹಿಲರಿಗೆ ಕೊನೆಯ ಬಸ್ಸು. “ನಾಳೆ ನೋಡುವ” ಎಂದ ಮೇಸ್ತ್ರಿ.
ನಾನು ಅಲ್ಲೇ ಕೂತು ಹದಿಮೂರನೇ ಬಿಲ್ಲು ಬಿಡಿಸಿದೆ.
ಪೇಂಟಿನ ಚದರಡಿ, ಸಾಗಣೆ, ಮತ್ತೆ ಸಾಗಣೆ,
ಕೂಡಿಸಿದೆ, ಕಳೆದೆ, ಜಿಎಸ್‌ಟಿಯಲ್ಲಿ ಸಿಕ್ಕಿಬಿದ್ದೆ.

ಟಕ್.

ತಲೆಯೆತ್ತುವಷ್ಟರಲ್ಲಿ ಕಡ್ಡಿ ಮಲಗಿತ್ತು.
ಎರಡು ವರ್ಷ ಕಾದದ್ದು, ನೋಡಲಿಲ್ಲ.

“ನಾನು ನೋಡಿದೆ” ಎಂದಳು ಲೋಲಾಕ್ಷಿ,
ಗೋಡೆಗೊರಗಿ, ಮಡಿಲಲ್ಲಿ ತಡ್ಪೆ, ಬೆರಳು ನಿಲ್ಲಿಸದೆ.
“ಗುಂಡು ತಿರುಗಿದ್ದಲ್ಲ ಅಲ್ವಾ ಮೇಡಂ? ನಾವಾ ತಿರುಗಿದ್ದು?”
ನಾವೇ, ಎಂದೆ.
ಅವಳು ತಡ್ಪೆಯಲ್ಲಿದ್ದದ್ದನ್ನು ಎಣಿಸಿದಳು,
ಇಪ್ಪತ್ತೈದರ ಕಟ್ಟು ಆರು.
“ಹಾಗಾದರೆ ಇನ್ನೊಂದು ಬೀಳ್ಲಿಕ್ಕೆ
ನೂರೈವತ್ತು ಬೀಡಿ ಉಂಟು.”