ಜೊತೆಗಿರುವವರ ಹೆಸರು

ಏಳೂವರೆಗೆ ಉಗ್ರಾಣದ ಬೀಗ ತೆಗೆಯಬೇಕು.
ಕೀಲಿ ಲಿಂಬಾನಿಯ ಬಳಿ, ಲಿಂಬಾನಿ ಸೈಕಲ್ಲಿನ ಮೇಲೆ,
ಸೈಕಲ್ಲು ಮುಲಾಂಜೆ ರಸ್ತೆಯ ಯಾವ ತಿರುವಿನಲ್ಲೋ.
ನಾನು ಮೆಟ್ಟಿಲ ಮೇಲೆ ಕೂತು
ಸ್ಕ್ರೂಡ್ರೈವರಿನ ತುದಿಯಿಂದ ಉಗುರಿನ ಮಣ್ಣು ತೆಗೆಯುತ್ತೇನೆ.
ಸ್ವಯಂಸೇವೆ ಎಂದರೆ ಬಹುಪಾಲು ಇದೇ:
ಕೀಲಿ ಬರುವುದನ್ನು ಕಾಯುವುದು.

ಒಳಗೆ ದಾನ ಬಂದ ಯಂತ್ರಗಳು.
ನೂರಾಹತ್ತು ವೋಲ್ಟಿನ ದೇಶದಿಂದ ಬಂದು
ಇನ್ನೂರಮೂವತ್ತರ ಗೋಡೆಗೆ ಬಾಯಿಟ್ಟು
ಮೊದಲ ಗುಟುಕಿಗೇ ಸುಟ್ಟುಹೋದವು;
ಜಪಾನಿ ಬರಹದ ಮಂಚ, ಏರುತ್ತದೆ, ಇಳಿಯುವುದಿಲ್ಲ;
ನನಗಿಂತ ಮೊದಲಿದ್ದ ಡೆನ್ಮಾರ್ಕಿನ ಹುಡುಗ
'ಮುಟ್ಟಬೇಡಿ, ನಾಳೆ ಬರುತ್ತೇನೆ' ಎಂದು ಚೀಟಿ ಅಂಟಿಸಿಹೋದ
ಆಮ್ಲಜನಕದ ಪೆಟ್ಟಿಗೆ. ಚೀಟಿಗೆ ನಾಲ್ಕು ವರ್ಷ.
ಯಾರೂ ಮುಟ್ಟಿಲ್ಲ. ಇಲ್ಲಿ ಜನ ಮಾತು ಉಳಿಸಿಕೊಳ್ಳುತ್ತಾರೆ.

ಮೂರು ವಾರ ಅದರ ಹೊಟ್ಟೆ ಬಗೆದೆ.
ಕವಾಟದ ರಬ್ಬರು ಬೇಕು; ಬ್ಲಾಂಟೈರಿನಲ್ಲಿ ಇಲ್ಲ,
ಪತ್ರ ಬರೆದರೆ ಎಂಟು ತಿಂಗಳು.
ಲಿಂಬಾನಿ ತನ್ನ ಸೈಕಲ್ಲಿನ ಹಳೇ ಟ್ಯೂಬನ್ನು
ಬ್ಲೇಡಿನಿಂದ ಉಂಗುರವಾಗಿ ಕತ್ತರಿಸಿ ಕೊಟ್ಟ.
"ಪಾಂಗೊನೊ ಪಾಂಗೊನೊ," ಅಂದ. ನಿಧಾನ, ನಿಧಾನ.
ಪೆಟ್ಟಿಗೆ ಕೆಮ್ಮಿತು, ತಡೆಯಿತು, ಮತ್ತೆ
ಎಬ್ಬಿಸಿದ್ದಕ್ಕೆ ಸಿಟ್ಟಾದ ಮುದುಕನ ಹಾಗೆ
ಗೊಣಗತೊಡಗಿತು.

ತಿಂಗಳ ಕೊನೆಗೆ ವರದಿ.
ಫಲಾನುಭವಿಗಳ ಸಂಖ್ಯೆ: ಗಂಡು, ಹೆಣ್ಣು, ಐದರ ಒಳಗಿನವರು.
ನಾನು ದುರಸ್ತಿ ಮಾಡಿದ್ದು ಒಂದು ಪೆಟ್ಟಿಗೆ, ಎರಡು ಫ್ಯಾನು,
ಮೇಟ್ರನ್ ಮನೆಯ ರೇಡಿಯೊ.
ರೇಡಿಯೊ ಕೇಳುವವರನ್ನು ಎಣಿಸಬಹುದೆ?

ಮಾರ್ಚಿನಲ್ಲಿ ಮಲೇರಿಯಾ ನನ್ನನ್ನು ಹಿಡಿದು
ಅದೇ ವಾರ್ಡಿನ ಹದಿನಾಲ್ಕನೇ ಮಂಚಕ್ಕೆ ಒಗೆಯಿತು.
ನರ್ಸು ಪುಸ್ತಕ ಬಿಚ್ಚಿ ಕೇಳಿದಳು: ಜೊತೆಗಿರುವವರ ಹೆಸರು?
ಇಲ್ಲಿ ಪ್ರತಿ ರೋಗಿಗೂ ಒಬ್ಬರು ಬೇಕು,
ಆಸ್ಪತ್ರೆ ಹಿಂದಿನ ಷೆಡ್ಡಿನಲ್ಲಿ ಮೂರು ಕಲ್ಲು ಹೂಡಿ ಬೇಯಿಸಲು,
ನೀರು ತರಲು, ಬಟ್ಟೆ ಒಗೆಯಲು.
ಯಾರೂ ಇಲ್ಲ, ಎಂದೆ.
ಆ ಕಾಲಂ ಖಾಲಿ ಬಿಡುವಂತಿಲ್ಲ, ಎಂದಳು.
ಜ್ವರದ ತಲೆ ತಡಕಾಡಿತು: ಕಚೇರಿ? ವಿಮೆ ಕಂಪನಿ?
ಪಕ್ಕದ ಮಂಚದ ಮಗುವಿನ ಅಜ್ಜಿ
ಸೊಂಟದ ಚಿತೇಂಜೆ ಬಿಗಿದುಕೊಳ್ಳುತ್ತ
"ನಂಬೇವೆ ಅಂತ ಬರಿ," ಎಂದಳು,
ಬಾಳೆಹಣ್ಣಿನ ಬೆಲೆ ಹೇಳುವವಳ ಹಾಗೆ.

ಐದು ದಿನ. ಬಿಳಿ ನ್ಸೀಮಾ, ಸೊಪ್ಪು,
ಬೆರಳಷ್ಟು ಒಣಮೀನು. ನಾನು ಮೀನು ತಿನ್ನುವವಳಲ್ಲ.
ಅದನ್ನು ಹೇಳುವ ಭಾಷೆ ನನ್ನಲ್ಲಿರಲಿಲ್ಲ,
ಹೇಳಬೇಕೆಂದೂ ಅನ್ನಿಸಲಿಲ್ಲ. ಮುಳ್ಳನ್ನೂ ಅಗಿದೆ.
ರಾತ್ರಿ ಕರೆಂಟು ಹೋದರೆ ಪೆಟ್ಟಿಗೆ ಸುಮ್ಮನಾಗುವುದು.
ಆಗ ವಾರ್ಡಿಗೆ ವಾರ್ಡೇ ಉಸಿರು ಬಿಗಿಹಿಡಿದು
ಜನರೇಟರಿನ ಕಡೆ ಕಿವಿಯಾಗುವುದು.
ನಂಬೇವೆ ಮಗುವಿಗೊಮ್ಮೆ ನನಗೊಮ್ಮೆ ರಟ್ಟು ಬೀಸುವಳು.
ಆ ಕತ್ತಲಲ್ಲಿ ನಾನು ಯಾವ ಸಂಸ್ಥೆಯವಳೂ ಅಲ್ಲ,
ಮಂಚ ಹದಿನಾಲ್ಕು.

ಜ್ವರ ಬಿಟ್ಟ ಬೆಳಿಗ್ಗೆ ಅವರಿರಲಿಲ್ಲ.
ಮಗು ಬೆನ್ನ ಮೇಲಿತ್ತು, ನಗುತ್ತಿತ್ತು, ಎಂದಳು ನರ್ಸು.
ನನ್ನ ತಲೆದೆಸೆಯಲ್ಲಿ ಅವಳ ತಟ್ಟೆ,
ಅಂಚಿನ ನೀಲಿ ಎನಾಮೆಲ್ಲು ಎದ್ದದ್ದು.

ಇನ್ನೊಬ್ಬರ ಪಾತ್ರೆ ಬರಿದಾಗಿ ಹಿಂದಿರುಗಿಸಬಾರದು,
ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ನಮ್ಮಮ್ಮನ ಶಾಸ್ತ್ರ.
ಸಕ್ಕರೆ ಕೊಂಡೆ. ಊರು ವಿಚಾರಿಸಿದೆ. ನದಿಯಾಚೆ;
ಅವರು ದಾಟಿದ ಮರುದಿನವೇ ಸೇತುವೆ ಮುಳುಗಿದೆ.
ಮೇ ಬರಲಿ, ಎಂದ ಲಿಂಬಾನಿ.

ಈಗ ತಟ್ಟೆ ನನ್ನ ಮೇಜಿನ ಮೇಲಿದೆ.
ಇಳಿಯಲೊಲ್ಲದ ಮಂಚವನ್ನು ಬಿಚ್ಚಿದ್ದೇನೆ;
ಹನ್ನೊಂದು ಸ್ಕ್ರೂ, ಎರಡು ವಾಷರು, ಒಂದು ಸ್ಪ್ರಿಂಗು
ಅದರಲ್ಲೇ ಉರುಳಾಡುತ್ತವೆ.
ಸಕ್ಕರೆ ಪೊಟ್ಟಣಕ್ಕೆ ಇರುವೆ ಹತ್ತಿತ್ತು.
ಕೊಡವಿ, ಮತ್ತೆ ಕಟ್ಟಿಟ್ಟೆ.