ಶ್ರುತಿ ಕೂಡಿಸುವವಳು ಕಾರು ಕೊಳ್ಳಲು ಹೋದದ್ದು

ಮೊದಲು ತಿಬಿಲಿಸಿಯ ಗಾಜಿನ ಮಳಿಗೆ.
ಅಲ್ಲಿ ನೆಲವೂ ಕಾರಿನಷ್ಟೇ ಹೊಳೆಯುತ್ತಿತ್ತು.
ಲಾಮಾರ ಚಿಕ್ಕಮ್ಮ ಬಾಗಿಲಲ್ಲೇ ನಿಂತು
ಬೂಟು ಒರೆಸಿಕೊಂಡಳು, ಎರಡು ಸಲ.
ಟೈ ಕಟ್ಟಿದ ಹುಡುಗ ಗುಂಡಿಯೊಂದನ್ನು ಒತ್ತಿದ.
"ಯಾವಾಗ ಶುರುವಾಗುತ್ತದೆ?" ಎಂದಳು.
"ಆಗಲೇ ಆಗಿದೆ ಮೇಡಂ."
ಕಿವಿಯನ್ನು ಸ್ಟೀರಿಂಗಿಗೇ ಆನಿಸಿದಳು. ಏನೂ ಇಲ್ಲ.
ಹೊಸ ಚರ್ಮದ ವಾಸನೆ ಮಾತ್ರ, ಮದುವೆ ಮನೆಯ ಪೆಟ್ಟಿಗೆ ತೆರೆದಂತೆ.

ಅರವತ್ತು ಕಂತು.
ಮೆಟ್ಟಿಲಿಳಿಯುತ್ತ ಬೆರಳು ಮಡಚಿದಳು:
ತಿಂಗಳಿಗೆ ಹನ್ನೊಂದು ಪಿಯಾನೊ ಬ್ಯಾಂಕಿಗೆ,
ಹನ್ನೆರಡನೆಯದು ರೊಟ್ಟಿಗೆ,
ಹದಿಮೂರನೆಯದು ಈ ಜಿಲ್ಲೆಯಲ್ಲಿ ಇಲ್ಲ.

ಆಮೇಲೆ ರುಸ್ತಾವಿ.
ಕಣ್ಣು ಹರಿಯುವಷ್ಟು ದೂರ ಕಾರುಗಳ ಸಂತೆ,
ಎಲ್ಲೋ ಗುದ್ದಿಸಿಕೊಂಡು, ಹಡಗು ಹತ್ತಿ,
ಕಪ್ಪು ಸಮುದ್ರ ದಾಟಿ, ಇಲ್ಲಿ ಮುಖ ತೊಳೆದು
ಸಾಲಾಗಿ ನಿಂತಿವೆ ಹೆಸರು ಬದಲಿಸಿಕೊಂಡವರ ಹಾಗೆ.
ಗೊದೆರ್ಜಿ ಎಂಬವನು ಬೆಳ್ಳಿ ಬಣ್ಣದ್ದೊಂದನ್ನು ತಟ್ಟಿ ಹೇಳಿದ:
"ಹ್ಯೂಸ್ಟನ್ನಿನ ಒಬ್ಬ ಮುದುಕಿಯದು.
ಭಾನುವಾರ ಚರ್ಚಿಗೆ ಬಿಟ್ಟರೆ ಓಡಿಸಿಯೇ ಇಲ್ಲ."
(ಆ ಸಾಲಿನ ಎಲ್ಲ ಕಾರೂ ಅದೇ ಮುದುಕಿಯದು.)

ನಾನು ಅವಳ ಅಕ್ಕನ ಮಗ, ಗ್ಯಾರೇಜಿನವನು.
ಹಲ್ಲು ಹಿಡಿದು, ಸುಳಿ ನೋಡಲೆಂದೇ ಬಂದವನು.
ಕಾಲುಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನು ಮೈಮೇಲೆ ಸವರಿದೆ.
ತಗಡಿದ್ದಲ್ಲಿ ಕಚ್ಚಿತು. ಲಪ್ಪ ಮೆತ್ತಿದಲ್ಲಿ ಜಾರಿತು.
ಮೀಟರು ನಲವತ್ತೆರಡು ಸಾವಿರ ಎಂದಿತು,
ಬ್ರೇಕಿನ ಪೆಡಲು ಸವೆದು ಹಿಮ್ಮಡಿಯಾಗಿತ್ತು.
ಇಬ್ಬರಲ್ಲಿ ಒಬ್ಬರು ಸುಳ್ಳು.

"ಸ್ವಲ್ಪ ಸುಮ್ಮನಿರಿ ಎಲ್ಲರೂ," ಎಂದಳು ಚಿಕ್ಕಮ್ಮ.
ಬಾನೆಟ್ಟಿನ ಮೇಲೆ ಬಾಗಿದಳು, ಕಣ್ಣು ಮುಚ್ಚಿ,
ಗುನುಗಿದಳು ಇಂಜಿನ್ನಿನ ಜೊತೆ, ಕೆಳದನಿಯಲ್ಲಿ.
"ಮೂರನೆಯದು ಕೂದಲೆಳೆಯಷ್ಟು ಇಳಿದಿದೆ."
ಗೊದೆರ್ಜಿ ನಕ್ಕ. ನಾನು ಪ್ಲಗ್ಗು ಬಿಚ್ಚಿ ತೋರಿಸಿದೆ.
ಗೊದೆರ್ಜಿ ಸಿಗರೇಟು ಹಚ್ಚಿದ.

ಆಮೇಲೆ ಹಿಂದಿನ ಸೀಟಿನ ಬೆಲ್ಟು ಎಳೆದೆ,
ಯಾರೂ ಎಳೆಯದಷ್ಟು, ಕೊನೆಯವರೆಗೆ.
ಅಲ್ಲಿತ್ತು ನೀರಿನ ಗೆರೆ,
ಚಹಾ ಬತ್ತಿದ ಲೋಟದಲ್ಲಿ ಉಳಿಯುವಂಥದು.
ನುಣ್ಣನೆಯ ಮರಳು ಅವಳ ಉಣ್ಣೆ ಕೈಗವಸಿನ ಮೇಲೆ ಉದುರಿತು.
ಸೀಟಿನ ಸಂದಿಯಲ್ಲಿ ಹಳದಿ ಚಿಟ್ಟೆಯ ಕೂದಲ ಪಿನ್ನು.
ಮುದುಕಿಯದಲ್ಲ.

"ನೀರು ಕುಡಿದ ಪಿಯಾನೊ ಒಂದಿತ್ತು," ಎಂದಳು,
"ಗೋರಿಯ ಶಾಲೆಯಲ್ಲಿ. ಒಣಗಿಸಿದರು, ಬಣ್ಣ ಬಳಿದರು.
ಒಂದು ಚಳಿಗಾಲ ಹಾಡಿತು, ಪಾಪ.
ಎರಡನೆಯದರಲ್ಲಿ ಒಂದೊಂದೇ ತಂತಿ,
ಮಧ್ಯರಾತ್ರಿ, ಖಾಲಿ ತರಗತಿಯಲ್ಲಿ, ಗುಂಡು ಹಾರಿದ ಹಾಗೆ."
ಐನೂರು ಲಾರಿ ಇಳಿಸಿದ. ಇನ್ನೂ ಮುನ್ನೂರು.
ಅವಳು ಪಿನ್ನನ್ನು ಇದ್ದಲ್ಲೇ ಇಟ್ಟು
ಬೆಲ್ಟನ್ನು ಕೈಹಿಡಿದೇ ಒಳಗೆ ಕಳಿಸಿದಳು, ಸಪ್ಪಳವಾಗದಂತೆ.

ದುಶೆತಿಗೆ ಹೋಗುವ ಕೊನೆಯ ಮಾರ್ಶ್ರುತ್ಕಾ.
ಮಡಿಲಲ್ಲಿ ಹತ್ಯಾರದ ಚೀಲ, ಮೊಣಕಾಲಿಗೆ ಯಾರದೋ ಕೋಳಿ ಬುಟ್ಟಿ.
"ಹಾಗಾದರೆ ಹೊಸದೇ?" ಎಂದೆ.
"ಮೂವತ್ತೈದು ವರ್ಷ, ಪರರ ಬೆರಳು ಸವೆಸಿದ್ದನ್ನೇ ಸರಿಮಾಡಿದೆ.
ಯಾರೂ ಮುಟ್ಟದ್ದು ಹೇಗಿರುತ್ತದೋ.
ಆಸೆಯಿಲ್ಲ ಎಂದರೆ ನಾನೂ ಗೊದೆರ್ಜಿಯೇ."
ಒಂದು ತಿರುವು ಕಳೆಯಿತು. ಇನ್ನೊಂದು.
"ಆದರೆ ಅದು ಉಸಿರೇ ಬಿಡಲಿಲ್ಲವಲ್ಲೋ.
ಕೆಟ್ಟರೆ ನನಗೆ ಹೇಳುವವರು ಯಾರು?"

ಆಮೇಲೆ ಮುಂದೆ ಬಾಗಿ ಚಾಲಕನ ಭುಜ ತಟ್ಟಿದಳು:
"ಎಡಗಡೆ ಹಿಂದಿನ ಚಕ್ರ, ಬೇರಿಂಗು ಹೋಗುತ್ತಿದೆ."
"ಗೊತ್ತು ತಾಯಿ," ಎಂದ ಅವನು, ಕನ್ನಡಿ ನೋಡದೆ,
"ಕ್ಲಚ್ಚೂ ಅಷ್ಟಕ್ಕಷ್ಟೇ. ಮಳೆ ಬಂದರೆ ಮೂರನೆಯ ಸೀಟು ಸೋರುತ್ತದೆ."

ಬೆಳಗಿನಿಂದ ಮೊದಲ ಸಲ ಅವಳ ಬೆನ್ನು ಸೀಟಿಗೆ ಒರಗಿತು.
"ಕೇಳು," ಎಂದು ನನ್ನ ಪಕ್ಕೆ ತಿವಿದಳು,
"ಇದಕ್ಕೊಂದು ತಮ್ಮ ಇದೆಯಾ ಅಂತ ಕೇಳು."
ನಾನು ಕೇಳಲಿಲ್ಲ.
ಜೇಬಿನಲ್ಲಿ ಅಯಸ್ಕಾಂತ
ನನ್ನದೇ ಮನೆಯ ಕೀಲಿ ಕಚ್ಚಿಕೊಂಡು ಬಿಡದೆ ಕೂತಿತ್ತು.